ಊರಿನ ಬೆಳವಣಿಗೆಯೂ ಹಳ್ಳದ ನೀರೂ

"ನಿಮ್ಮ ಮನೆಯ ಬಚ್ಚಲ ನೀರು ಕೊನೆಗೆ ಯಾವ ಸಮುದ್ರವನ್ನು ಸೇರುತ್ತದೆ?" ಎಂದು ನಮ್ಮ ಭೂಗೋಳದ ಅಧ್ಯಾಪಕರು ಒಂದು ದಿನ ತರಗತಿಯಲ್ಲಿ ಕೇಳಿದರು. ಮಡಿಕೇರಿಯ ಕಡೆಯ ಮಿತ್ರನೊಬ್ಬನು ಅರಬ್ಬೀ ಸಮುದ್ರವೆಂದನು; ಕುಶಾಲನಗರದಿಂದ ಬರುವ ಸಹಪಾಠಿಯೊಬ್ಬಳು ಬಂಗಾಳ ಕೊಲ್ಲಿಯೆಂದಳು. ಇಬ್ಬರ ಉತ್ತರವೂ ಸರಿಯಾಗಿರಬಹುದು. ಕೊಡಗು ಸಹ್ಯಾದ್ರಿಯ ನೆತ್ತಿಯ ಮೇಲೆ ಕುಳಿತ ನಾಡು. ಬೆಟ್ಟದ ಸಾಲಿನ ಈಚೆಗೆ ಬಿದ್ದ ಹನಿ ಪೂರ್ವಕ್ಕೂ ಆಚೆಗೆ ಬಿದ್ದ ಹನಿ ಪಶ್ಚಿಮಕ್ಕೂ ಹರಿಯುತ್ತದೆ. ನನ್ನ ಸರದಿ ಬಂದಾಗ ನಾನು "ಚರಂಡಿಗೆ ಹೋಗುತ್ತದೆ, ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು, ಅಧ್ಯಾಪಕರು ನಗಲಿಲ್ಲ. "ಚರಂಡಿಯಿಂದ ಮುಂದಕ್ಕೆ?" ಎಂದು ಕೇಳಿ, ಉತ್ತರವನ್ನು ತಿಳಿದುಕೊಂಡು ಬರುವಂತೆ ಹೇಳಿದರು. ಅಂದು ಬರೆದುಕೊಟ್ಟ ಉತ್ತರದ ವಿಸ್ತಾರವೇ ಈ ಲೇಖನ.

ನಮ್ಮ ಊರು ಶನಿವಾರಸಂತೆ. ವಾರದ ಹೆಸರನ್ನೂ ವ್ಯಾಪಾರದ ಹೆಸರನ್ನೂ ಕೂಡಿಸಿ ಊರಿಗೆ ಇಟ್ಟುಬಿಟ್ಟರೆ ಎಂದು ಹೊರಗಿನವರು ನಗುವುದುಂಟು. ಆದರೆ ಊರು ಹೇಗೆ ಬೆಳೆಯಿತೆಂಬ ವೃತ್ತಾಂತವೆಲ್ಲ ಆ ಹೆಸರಿನಲ್ಲೇ ಇದೆ. ಹಿಂದೆ ಏಳುಸಾವಿರ ಸೀಮೆಯೆಂದು ಕರೆಯುತ್ತಿದ್ದ ಕೊಡಗಿನ ಉತ್ತರ ಭಾಗದಲ್ಲಿ, ಸೋಮವಾರಪೇಟೆಗೂ ಕೊಡ್ಲಿಪೇಟೆಗೂ ನಡುವೆ, ಹಾಸನ ಜಿಲ್ಲೆಯ ಎಲ್ಲೆಗೆ ಸಮೀಪದಲ್ಲಿ ಇರುವ ಈ ಸ್ಥಳಕ್ಕೆ ಸುತ್ತಲಿನ ಹಳ್ಳಿಯವರು ವಾರಕ್ಕೊಮ್ಮೆ ಬರುತ್ತಿದ್ದರು, ಸಂಜೆಗೆ ಹೊರಟುಹೋಗುತ್ತಿದ್ದರು. ಸಂತೆ ಮುಗಿದ ಮೇಲೆ ಉಳಿಯುತ್ತಿದ್ದದ್ದು ಬಾಳೆಯೆಲೆ, ಮುತ್ತುಗದ ಎಲೆ, ಹುಲ್ಲು, ಸಗಣಿ. ದನಗಳು ತಿಂದಷ್ಟು ತಿಂದು, ಮಿಕ್ಕದ್ದು ಮಳೆಗೆ ಕೊಳೆತು ಮಣ್ಣಾಗುತ್ತಿತ್ತು. ಈಗ ಸಂತೆಯು ವಾರದ ಏಳು ದಿನವೂ ಇದೆ ಎನ್ನಬೇಕು. ಅಂಗಡಿ, ಹೋಟೆಲು, ಮಾಂಸ ಮೀನಿನ ಮಳಿಗೆ, ಆಸ್ಪತ್ರೆ, ಬಾಡಿಗೆಯ ಮನೆಗಳು, ಕಲ್ಯಾಣಮಂಟಪ ಎಲ್ಲವೂ ಬಂದಿವೆ. ಇದನ್ನು ಕೆಡುಕೆಂದು ಹೇಳುವವನು ನಾನಲ್ಲ. ಊರು ಬೆಳೆಯದೆ ಇದ್ದಿದ್ದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆನೆಂಬ ಭರವಸೆಯೇನೂ ಇಲ್ಲ.

ಅಧ್ಯಾಪಕರ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಭಾನುವಾರ ನಮ್ಮ ಬೀದಿಯ ಚರಂಡಿಯ ಜಾಡು ಹಿಡಿದು ಹೊರಟೆ. ಅದು ಮನೆಗಳ ಹಿಂದೆ ಇಳಿದು, ಇನ್ನೆರಡು ಚರಂಡಿಗಳನ್ನು ಕೂಡಿಕೊಂಡು, ನಮ್ಮ ಗದ್ದೆಯ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ಆ ಹಳ್ಳಕ್ಕೆ ಹೆಸರಿಲ್ಲ. ಹಳ್ಳವೆಂದೇ ಎಲ್ಲರೂ ಕರೆಯುತ್ತಾರೆ. ಉತ್ತರ ಕೊಡಗಿನ ಇಂಥ ಹಳ್ಳಗಳು ಕೆಲವು ಹೇಮಾವತಿಯ ಕಡೆಗೂ ಕೆಲವು ಹಾರಂಗಿಯ ಕಡೆಗೂ ಇಳಿಯುತ್ತವೆ. ಹಾರಂಗಿಯು ಕೂಡಿಗೆಯ ಬಳಿ ಕಾವೇರಿಯನ್ನು ಸೇರುತ್ತದೆ. ಹೇಮಾವತಿಯು 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ನಾಲೆಯ ಮೂಲಕ ತುಮಕೂರಿನವರೆಗೂ ಒಂದಿಷ್ಟು ಹೋಗಿ, ಉಳಿದದ್ದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯೊಡನೆ ಕೂಡುತ್ತದೆ. ಹೀಗಾಗಿ ಯಾವ ಕಡೆಗೆ ಇಳಿದರೂ ಕೃಷ್ಣರಾಜಸಾಗರ ತಪ್ಪದು. ಅಲ್ಲಿಂದ ಕೆಳಗೆ ಹರಿದ ಕಾವೇರಿಯ ನೀರನ್ನು 1974ರಿಂದ ಬೆಂಗಳೂರಿಗೆ ನೂರು ಕಿಲೋಮೀಟರು ದೂರ ಏರಿಸಿ ಕುಡಿಯುತ್ತಿದ್ದಾರೆ. ಕುಡಿದು, ಬೆಳೆದು, ಮಿಕ್ಕಿದ್ದು ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ.

ಇಲ್ಲಿ ಒಂದು ವಿಷಯ ನನಗೆ ಹೊಳೆಯಿತು. ನದಿಯ ದಡದ ಯಾವ ಊರಿನವರನ್ನು ಕೇಳಿದರೂ "ಮೇಲಿನವರು ಕೊಳೆ ಬಿಡುತ್ತಾರೆ" ಎನ್ನುತ್ತಾರೆ. ಮೈಸೂರು ಸೀಮೆಯವರು ಹಾಗೆ ಹೇಳಬಹುದು, ತಂಜಾವೂರಿನವರು ಹೇಳಬಹುದು. ನಾವು ಯಾರನ್ನು ಬೆರಳು ಮಾಡಿ ತೋರಿಸೋಣ? ನಮ್ಮ ಮೇಲೆ ಗುಡ್ಡವೂ ಮೋಡವೂ ಅಲ್ಲದೆ ಇನ್ನೊಂದು ಊರಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥವನ್ನು ಮನೆಗೆ ತಂದು ಪೂಜಿಸುವ ನಾವೇ ಆ ಮೇಲಿನವರು.

ಹಳ್ಳ ಹಾಳಾದದ್ದು ಜನ ಕೆಟ್ಟವರಾದ್ದರಿಂದಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ನಮ್ಮ ಅಜ್ಜಿಯವರ ಬಾಯಿಂದ ಕೇಳಿದೆ. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಬಾವಿಯಿಂದ ದಿನಕ್ಕೆ ಎಂಟು ಹತ್ತು ಕೊಡ ನೀರು ಹೊರಬೇಕಾಗಿತ್ತಂತೆ. ಕೊಡಕ್ಕೆ 12 ಲೀಟರೆಂದರೂ ಇಡೀ ಮನೆಗೆ ನೂರು ನೂರಿಪ್ಪತ್ತು ಲೀಟರು. "ಸೊಂಟದ ಮೇಲೆ ಹೊತ್ತ ನೀರನ್ನ ಯಾರಾದರೂ ಸುಮ್ಮನೆ ಚೆಲ್ತಾರೇನೋ ಮಗ?" ಎಂದರು. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಅದು ಹಸುವಿಗೆ. ಬಚ್ಚಲ ನೀರು ಬಾಳೆಯ ಬುಡಕ್ಕೂ ಕೆಸುವಿನ ಪಾತಿಗೂ. ಹಿತ್ತಲಿನ ಆಚೆಗೆ ಹೋಗುವ ನೀರೇ ಇರಲಿಲ್ಲ.

ಈಗ ನಲ್ಲಿ ಬಂದಿದೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂದು ಹೆಸರು ಪಡೆದದ್ದು, ತಲೆಗೆ ದಿನವೊಂದಕ್ಕೆ 55 ಲೀಟರು ನೀರನ್ನು ಗುರಿಯಾಗಿ ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರು. ಮನೆಯೊಳಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳೆಯಾಗಿ ಹೊರಕ್ಕೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ಮನೆಯೊಂದರಿಂದ 220 ಲೀಟರು. ಸಾವಿರ ಮನೆಯ ಊರೊಂದನ್ನು ಊಹಿಸಿದರೆ ದಿನಕ್ಕೆ 2,20,000 ಲೀಟರು. ಇದಕ್ಕೆ ಸರಿಯಾಗಿ ಹಿತ್ತಲುಗಳು ಹೋಗಿ ಸಿಮೆಂಟು ಅಂಗಳ ಬಂದಿದೆ, ಬಾಳೆಯ ಬುಡವಿಲ್ಲ. ನೀರನ್ನು ಒಳಕ್ಕೆ ತರುವುದಕ್ಕೆ ಯೋಜನೆ, ಉದ್ಘಾಟನೆ, ಫಲಕ ಎಲ್ಲವೂ ಉಂಟು. ಹೊರಕ್ಕೆ ಹೋಗುವ ನೀರಿಗೆ ಉದ್ಘಾಟನೆ ಮಾಡಿದವರನ್ನು ನಾನು ಕಂಡಿಲ್ಲ. ಹೆಂಗಸರ ಸೊಂಟದ ಭಾರ ಇಳಿದದ್ದು ದೊಡ್ಡ ಪುಣ್ಯ. ಆ ಭಾರವನ್ನು ಈಗ ಹಳ್ಳ ಹೊರುತ್ತಿದೆ.

ಹೊರಲಾರದೆ ಹೋಗುವುದು ಹೇಗೆಂಬುದನ್ನು ಸ್ವಲ್ಪ ವಿಜ್ಞಾನದ ದೃಷ್ಟಿಯಿಂದ ನೋಡಬೇಕು. ಶುದ್ಧವಾದ ನೀರಿನಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನು, ಏಡಿ, ನೀರುಹುಳುಗಳು ಉಸಿರಾಡುವುದು ಅದನ್ನೇ. ಕೊಳೆಯುವ ವಸ್ತು ನೀರಿಗೆ ಬಿದ್ದಾಗ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿಕೊಳ್ಳಲು ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಹೀಗೆ ಎಳೆದುಕೊಳ್ಳುವ ಪ್ರಮಾಣಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿ.ಓ.ಡಿ., ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಕೂಡದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ. ಮನೆಗಳ ಕೊಳಚೆಯಲ್ಲಿ ಇದು 200ರಿಂದ 300ರ ವರೆಗೆ ಇರುತ್ತದೆ. 270 ಎಂದು ಹಿಡಿದರೆ, ಒಂದು ಲೀಟರು ಕೊಳಚೆಯು 30 ಲೀಟರು ಒಳ್ಳೆಯ ನೀರಿನ ಆಮ್ಲಜನಕವನ್ನೆಲ್ಲ ನುಂಗಿಬಿಡಬಲ್ಲದು.

ನಾನು ಮಾರ್ಚಿ ತಿಂಗಳಲ್ಲಿ ನಮ್ಮ ಹಳ್ಳವನ್ನು ಅಳೆದೆ. ಅಳೆದೆನೆಂದರೆ, ಹತ್ತು ಮೀಟರು ದೂರ ಎರಡು ಕಡ್ಡಿ ನೆಟ್ಟು, ಒಣಗಿದ ಹಲಸಿನ ಎಲೆಯೊಂದನ್ನು ತೇಲಿಬಿಟ್ಟು, ಕೈಗಡಿಯಾರ ನೋಡಿದೆ, ಉಪಕರಣ ಇಷ್ಟೇ. ಎಲೆಗೆ ಸುಮಾರು 40 ಸೆಕೆಂಡು ಹಿಡಿಯಿತು. ನೀರಿನ ಅಗಲ ಅರ್ಧ ಮೀಟರು, ಆಳ ಒಂದು ಗೇಣು, ಎಂದರೆ 20 ಸೆಂಟಿಮೀಟರು. ಮೇಲ್ಗಡೆಯ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಐದರಲ್ಲಿ ಒಂದು ಪಾಲು ಕಳೆದರೆ, ಸೆಕೆಂಡಿಗೆ ಸುಮಾರು 20 ಲೀಟರು ನೀರು. ಅಳತೆ ಒರಟೆಂಬುದನ್ನು ಒಪ್ಪುತ್ತೇನೆ. ಆದರೂ ಮೇಲೆ ಹೇಳಿದ ಸಾವಿರ ಮನೆಗಳ ಕೊಳಚೆಯನ್ನು ಸರಿದೂಗಿಸಲು ದಿನಕ್ಕೆ 66 ಲಕ್ಷ ಲೀಟರು, ಅಂದರೆ ಸೆಕೆಂಡಿಗೆ 76 ಲೀಟರು ಶುದ್ಧ ನೀರು ಬೇಕು. ಕಲ್ಲುಗಳ ಮೇಲೆ ಧುಮುಕಿ ಹರಿಯುವಾಗ ಹಳ್ಳವು ಗಾಳಿಯಿಂದ ಆಮ್ಲಜನಕವನ್ನು ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ನಿಜ. ಆದುದರಿಂದಲೇ ಅದು ಇನ್ನೂ ಪೂರ್ತಿ ಸತ್ತಿಲ್ಲ. ಆಷಾಢದಲ್ಲಿ ಇದೇ ಹಳ್ಳ ಗದ್ದೆಯ ಬದು ಮೀರಿ ಹರಿದು ಎಲ್ಲವನ್ನೂ ತೊಳೆದು ಒಯ್ಯುತ್ತದೆ. ನೋಡಿದವರು ಹಳ್ಳ ಚೊಕ್ಕಟವಾಯಿತೆಂದು ತಿಳಿಯುತ್ತಾರೆ. ಪರೀಕ್ಷೆಯ ಕಾಲ ಬೇಸಗೆ.

ಇದಕ್ಕೆ ತೋಟಗಳ ಸಂಗತಿಯನ್ನೂ ಸೇರಿಸಬೇಕು. ಪಟ್ಟಣದವರದ್ದೇ ತಪ್ಪೆಂದು ಬರೆದು ಕೃಷಿಕರ ಮಕ್ಕಳಾದ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕಾಫಿಯ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ ತೊಳೆದ ನೀರಿನ ಬಿ.ಓ.ಡಿ. ಲೀಟರಿಗೆ ಮೂರು ಸಾವಿರ ಮಿಲಿಗ್ರಾಮಿಗೂ ಮೇಲೆ. ಮೂರು ಸಾವಿರವೆಂದೇ ಹಿಡಿದರೂ ಆ ನೀರಿನ ಒಂದು ಲೀಟರು 330 ಲೀಟರು ಹಳ್ಳದ ನೀರಿನ ಉಸಿರು ಕಟ್ಟಿಸುತ್ತದೆ. ಅದೂ ಡಿಸೆಂಬರು ಜನವರಿಯಲ್ಲಿ, ಹೊಳೆ ಇಳಿಯುತ್ತಿರುವಾಗ. ಆ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಮುರಿದು, ಕೊಳೆಯಲು ಬಿಟ್ಟು, ಆಮೇಲೆ ತೋಟಕ್ಕೇ ಹಾಯಿಸುವ ವಿಧಾನ ಎಲ್ಲ ಬೆಳೆಗಾರರಿಗೂ ಗೊತ್ತು, ಬಹುಮಂದಿ ಮಾಡುತ್ತಾರೆ. ಮಾಡದವನು ಒಬ್ಬನಿದ್ದರೆ ಸಾಕು, ಕೆಳಗಿನ ಊರಿನ ದನಗಳು ಕಂದು ಬಣ್ಣದ ನೀರನ್ನು ಮೂಸಿ ಹಿಂದಕ್ಕೆ ಬರುತ್ತವೆ. ಶುಂಠಿಯ ಕತೆ ಇದಕ್ಕಿಂತ ಹೊಸದು. ಕಿತ್ತ ಶುಂಠಿಯನ್ನು ಪೈಪಿನ ರಭಸದ ನೀರಿನಿಂದ ತೊಳೆಯುತ್ತಾರೆ. ಗದ್ದೆಯ ಮೇಲ್ಮಣ್ಣೂ, ಅದಕ್ಕೆ ವರ್ಷವೆಲ್ಲ ಹೊಡೆದ ಔಷಧಿಯ ಶೇಷವೂ ಒಟ್ಟಿಗೆ ಹಳ್ಳಕ್ಕಿಳಿಯುತ್ತವೆ. ಶುಂಠಿಗೆ ಬೆಲೆ ಬಂದ ವರ್ಷ ಈ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ದೊಡ್ಡ ನಗರಗಳು ಈ ಕಷ್ಟವನ್ನು ನಮಗಿಂತ ಮೊದಲೇ ಕಂಡಿವೆ. ಲಂಡನ್ನಿನಲ್ಲಿ 1854ರ ಕಾಲರಾ ಹರಡಿದ್ದು ಒಂದು ಬೀದಿಯ ಕೈಪಂಪಿನ ನೀರಿನಿಂದ ಎಂದು ಜಾನ್ ಸ್ನೋ ಎಂಬ ವೈದ್ಯ ಸಾವುಗಳನ್ನು ನಕ್ಷೆಯ ಮೇಲೆ ಗುರುತುಮಾಡಿ ತೋರಿಸಿದ. ಪಾರ್ಲಿಮೆಂಟಿನವರಿಗೆ ಅಷ್ಟರಿಂದ ಎಚ್ಚರವಾಗಲಿಲ್ಲ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಅವರ ಕಿಟಕಿಯೊಳಕ್ಕೇ ನುಗ್ಗಿದಾಗ ಹಣ ಮಂಜೂರಾಯಿತು. ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ಊರಿನ ಅಡಿಯಲ್ಲಿ ದೊಡ್ಡ ಒಳಚರಂಡಿಗಳನ್ನು ಕಟ್ಟಿದ. ಅವು ಇಂದಿಗೂ ಪ್ರಸಿದ್ಧ. ಆದರೆ ಆತ ಮೊದಲಿಗೆ ಮಾಡಿದ್ದು ಕೊಳಚೆಯನ್ನು ಲಂಡನ್ನಿನ ಕೆಳಗಿನ ಭಾಗಕ್ಕೆ ಸಾಗಿಸಿ ಅಲ್ಲಿ ಅದೇ ನದಿಗೆ ಬಿಡುವುದನ್ನು. ಕೊಳೆ ನಗರದ ಮೂಗಿನಿಂದ ಹೋಯಿತು, ನದಿಯಿಂದ ಹೋಗಲಿಲ್ಲ. ಈ ವ್ಯತ್ಯಾಸವನ್ನು ನಾವು ಗಮನಿಸತಕ್ಕದ್ದು. ಏಕೆಂದರೆ ನಮ್ಮಲ್ಲಿ ಚರಂಡಿ ಕಟ್ಟುವುದೆಂದರೆ ಇಂದಿಗೂ ಇಷ್ಟೇ ಅರ್ಥ.

ಬೆಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಆ ನಗರಕ್ಕೆ ತನ್ನದೇ ಆದ ಹೊಳೆಯೊಂದಿತ್ತು, ಅರ್ಕಾವತಿ. ಅದಕ್ಕೆ 1894–96ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿ ಕುಡಿದರು. ನಗರ ಬೆಳೆದ ಹಾಗೆ ಜಲಾನಯನ ಪ್ರದೇಶದಲ್ಲಿ ಕಟ್ಟಡ, ಕಾರ್ಖಾನೆ, ಕೊಳವೆಬಾವಿಗಳು ತುಂಬಿ, ಮೊದಲಿನದು ಬತ್ತಿತು, ಎರಡನೆಯದರ ನೀರು ಕೆಟ್ಟಿತು. ಊರೊಳಗಿನ ವೃಷಭಾವತಿ ಮೋರಿಯಾಯಿತು. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ಎದ್ದು ರಸ್ತೆಗೆ ಬಂದದ್ದನ್ನೂ 2017ರ ಫೆಬ್ರುವರಿಯಲ್ಲಿ ಬೆಂಕಿ ಹತ್ತಿ ಹೊಗೆಯಾಡಿದ್ದನ್ನೂ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಹತ್ತಿರದ ನೀರನ್ನು ಕೆಡಿಸಿಕೊಂಡ ನಗರ ದೂರದ ನೀರಿಗೆ ಕೈಚಾಚುತ್ತದೆ. ಬೆಂಗಳೂರಿಗೆ ಕಾವೇರಿ ಇತ್ತು. ಕಾವೇರಿಯ ಹುಟ್ಟುನಾಡಿನ ಊರು ತನ್ನ ಹಳ್ಳವನ್ನು ಕೆಡಿಸಿಕೊಂಡರೆ ಕೈಚಾಚುವುದು ಎಲ್ಲಿಗೆ?

ನಮ್ಮ ಜಿಲ್ಲೆಯಲ್ಲೇ ಕುಶಾಲನಗರ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಜನ ಸತ್ತ ಆ ಮಳೆಗಾಲದಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಕಾವೇರಿಯು ಉಕ್ಕಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳೊಳಗೆ ನೀರು ನುಗ್ಗಿತು. ನದಿ ಊರಿಗೆ ಬಂತು ಎಂದು ಆಗ ಎಲ್ಲರೂ ಹೇಳಿದರು. ಬಯಲಿಗೆ ಮೊದಲು ಬಂದದ್ದು ಯಾರೆಂಬುದನ್ನೂ ಕೇಳಬೇಕಷ್ಟೆ. ಹೊಳೆಯ ಅಕ್ಕಪಕ್ಕದ ಬಯಲು ಅದರ ಮಳೆಗಾಲದ ಜಗಲಿ. ಬತ್ತದ ಗದ್ದೆಯಾಗಿದ್ದರೆ ಅದು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಒಂದೊಂದು ಬದುವೂ ಒಂದು ಸಣ್ಣ ಕಟ್ಟೆ. ಮಣ್ಣು ತುಂಬಿ ನಿವೇಶನ ಮಾಡಿದಾಗ ಆ ಕಟ್ಟೆಗಳೆಲ್ಲ ಒಂದೇ ದಿನದಲ್ಲಿ ಹೋಗುತ್ತವೆ.

ಇಲ್ಲಿಗೆ ಬಂದಾಗ ನನ್ನ ಲೇಖನಿ ತಡೆಯುತ್ತದೆ. ಹಳ್ಳದ ಪಕ್ಕದ ನಮ್ಮ ಗದ್ದೆಯ ವಿಷಯ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿದೆ. ಬತ್ತ ಬೆಳೆದು ಆಳಿನ ಕೂಲಿ ಕೊಟ್ಟರೆ ಕೈಯಲ್ಲಿ ಉಳಿಯುವುದು ಹುಲ್ಲು ಮಾತ್ರ. ಅದೇ ಗದ್ದೆಯನ್ನು ಭೂಪರಿವರ್ತನೆ ಮಾಡಿಸಿ ಸೈಟುಗಳಾಗಿ ಕೊಟ್ಟರೆ ನಮ್ಮ ಅಕ್ಕನ ಮದುವೆಯ ಸಾಲ ತೀರಿ, ನನ್ನ ಮುಂದಿನ ಓದಿಗೂ ಆಗುತ್ತದೆ. ಅರ್ಜಿಯ ಕಾಗದ ತಂದೆಯವರ ಪೆಟ್ಟಿಗೆಯಲ್ಲಿ ಇದೆ. "ನೀರಿನ ದಾರಿಗೆ ಅಡ್ಡ ಹೋಗಬಾರದಪ್ಪ" ಎಂದು ನಾನು ಹೇಳಿದಾಗ ಅವರು, "ಹಾಗಾದರೆ ಹಳ್ಳಕ್ಕೋಸ್ಕರ ನಾನೊಬ್ಬನೇ ಬಡವನಾಗಿರಬೇಕೇನೋ?" ಎಂದು ಕೇಳಿದರು. ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಗದ್ದೆ ಉಳಿಸಿಕೊಂಡವನ ನಷ್ಟವನ್ನು ಕೆಳಗಿನ ನಗರಗಳು ಹಂಚಿಕೊಳ್ಳುವ ಯಾವ ಏರ್ಪಾಡೂ ಇಲ್ಲದಿರುವಾಗ, ಪರಿಸರ ರಕ್ಷಣೆಯ ಭಾಷಣವನ್ನು ಅವನ ಮುಂದೆ ಮಾಡುವುದು ಸುಲಭವಲ್ಲ.

ಹಾಗಾದರೆ ಊರು ಬೆಳೆಯಬಾರದೇ? ಬೆಳೆಯಬೇಕು, ಎಲ್ಲಿ, ಹೇಗೆ ಎಂಬುದು ಮಾತ್ರ ವಿಚಾರ. ನಮ್ಮಂಥ ಸ್ಥಳಕ್ಕೆ ಮಹಾನಗರದ ಒಳಚರಂಡಿ ಬೇಕಿಲ್ಲ. ಹಿತ್ತಲಿರುವ ಮನೆಗೆ ಒಂದು ಇಂಗುಗುಂಡಿ ಸಾಕು. ಬಚ್ಚಲ ನೀರು ಅಲ್ಲೇ ಇಂಗುತ್ತದೆ. ಇದು ಅಜ್ಜಿಯ ಬಾಳೆಬುಡವೇ, ಹೆಸರು ಮಾತ್ರ ಬೇರೆ. ಹಿತ್ತಲಿಲ್ಲದ ಪೇಟೆಬೀದಿಯ ನೀರಿಗೆ, ಹಳ್ಳಕ್ಕೆ ಬೀಳುವ ಮುನ್ನ ಕೆಸರು ಇಳಿಯುವ ತೊಟ್ಟಿಯೂ, ಜಲ್ಲಿಯ ಮೇಲೆ ಆಪು, ಜೊಂಡುಗಳನ್ನು ಬೆಳೆಸಿದ ಪಾತಿಯೂ ಬೇಕು. ಇಳಿಜಾರು ನಮ್ಮಲ್ಲಿ ಬೇಕಾದಷ್ಟು ಇರುವುದರಿಂದ ವಿದ್ಯುತ್ತಿನ ಪಂಪೂ ಬೇಡ. ಶೌಚಗುಂಡಿ ತುಂಬಿದಾಗ ಟ್ಯಾಂಕರಿನವರು ಹೀರಿ ಒಯ್ದದ್ದನ್ನು ಎಲ್ಲಿ ಸುರಿಯುತ್ತಾರೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಸಂಸ್ಕರಣಾ ಘಟಕ ಕಟ್ಟಿದರು. ಒಂದು ಪಟ್ಟಣಕ್ಕಾಗಿ ಇಂಥದು ಭಾರತದಲ್ಲಿ ಅದೇ ಮೊದಲು. ಅಲ್ಲಿ ಒಣಗಿದ ಕೆಸರನ್ನು ಊರಿನ ಹಸಿ ಕಸದೊಡನೆ ಗೊಬ್ಬರ ಮಾಡಿ ರೈತರಿಗೆ ಕೊಟ್ಟರು. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಮೂರೂ ಕೂಡಿ ಅಂಥದೊಂದನ್ನು ನಡೆಸಲಾಗದೇ? ಹಣದ ಮಾತು ಬರುತ್ತದೆ. ಹದಿನೈದನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೇ ಮೀಸಲಿಟ್ಟಿತ್ತು. ಗ್ರಾಮಸಭೆಯಲ್ಲಿ ಎದ್ದು ಆ ಲೆಕ್ಕವನ್ನು ಕೇಳಲು ಎಂ.ಎ. ಪದವಿ ಬೇಕಾಗಿಲ್ಲ. ಕಾಯಿದೆಯೂ ಉಂಟು, 1974ರಿಂದಲೇ. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಆದರೆ ಕಾಯಿದೆ ಹಿಡಿಯುವುದು ಕೊಳವೆಯ ಬಾಯನ್ನು. ನಮ್ಮ ಹಳ್ಳಕ್ಕೆ ಕೊಳವೆಯ ಬಾಯಿ ಒಂದಲ್ಲ, ಮನೆಗೊಂದು.

ಎಲ್ಲಕ್ಕಿಂತ ಮೊದಲು ಹಳ್ಳ ಎಷ್ಟು ಅಗಲ ಎಂಬುದು ಗೊತ್ತಾಗಬೇಕು. ನಮ್ಮಲ್ಲಿ ಸರ್ಕಾರಿ ಜಾಗವನ್ನು ಪೈಸಾರಿ ಎನ್ನುತ್ತಾರೆ. ಹಳ್ಳ, ದಾರಿಗಳ ಜಾಗ ಕಂದಾಯದ ದಾಖಲೆಯಲ್ಲಿ ಬಿ ಖರಾಬು. ಅದು ಯಾರ ಸ್ವತ್ತೂ ಅಲ್ಲ, ಎಲ್ಲರದು. ನಾನು ತಂದೆಯವರನ್ನು ಕಾಡಿ ಭೂಮಾಪನದ ನಕ್ಷೆ ತೆಗೆಸಿದೆ. ಇಬ್ಬರೂ ಹಗ್ಗ ಹಿಡಿದು ಅಳೆದೆವು. ನಕ್ಷೆಯ ಹಳ್ಳಕ್ಕೂ ನೆಲದ ಹಳ್ಳಕ್ಕೂ ತಾಳೆಯಾಗಲಿಲ್ಲ. ಆಚೆಯ ದಡದವರು ಒತ್ತಿದ್ದಾರೆಂದು ನಾವು ಬಹುಕಾಲದಿಂದ ಹೇಳಿಕೊಂಡು ಬಂದಿದ್ದೆವು. ಒತ್ತಿದ್ದರು, ನಿಜ. ಈಚೆಯ ದಡದಲ್ಲಿ ನಮ್ಮ ಅಡಕೆಯ ಒಂದು ಸಾಲೂ ಪೂರ್ತಿಯಾಗಿ ಹಳ್ಳದ ಜಾಗದಲ್ಲೇ ನಿಂತಿತ್ತು. ನೆಟ್ಟದ್ದು ನಮ್ಮ ಅಜ್ಜನವರು. ತಂದೆಯವರು ಹಗ್ಗವನ್ನು ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಫಲ ಬಿಡೋ ಮರ ಕಡಿಯೋದು ಬೇಡ. ಸತ್ತ ಕಡೆ ಹೊಸ ಗಿಡ ಇಡೋದಿಲ್ಲ, ಆಯ್ತಾ?" ಎಂದರು. ಮೊನ್ನೆಯ ಮಳೆಗಾಲದಲ್ಲಿ ಆ ಸಾಲಿನ ನಾಲ್ಕು ಮರ ಬಿದ್ದವು. ಆ ಜಾಗ ಈಗ ಖಾಲಿ ಇದೆ. ಅಲ್ಲಿ ಕೆಸು ತಾನಾಗಿ ಎದ್ದಿದೆ. ಭೂಪರಿವರ್ತನೆಯ ಅರ್ಜಿ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಸಹಿಯಾಗಿಲ್ಲ.